ನೆನಪಿನ ಆಟವೂ ಕೂಡಿಬಂದ ಜನವೂ



ಸತ್ತವರ ನೆನಪಿಗೋಸ್ಕರ ಒಂದು ದಿನವನ್ನು ಗೊತ್ತುಮಾಡಿ ಕೂಡಿಬರುವದು ಎಲ್ಲಾ ದೇಶಗಳಲ್ಲಿಯೂ ಕಾಣುವ ವಾಡಿಕೆಯಾಗಿದೆ. ಆದರೆ ಆ ದಿನವನ್ನು ಗೊತ್ತುಮಾಡುವವರ ಮುಂದೆ ಒಂದು ಕಠಿಣವಾದ ಪ್ರಶ್ನೆ ಬಂದು ನಿಲ್ಲುವದು. ಮರಣವು ಸಂಭವಿಸಿದ ದಿನದಲ್ಲಿಯೇ ಕೂಡಬೇಕೋ? ಇಲ್ಲವೆ ಹೆಚ್ಚು ಜನರು ಬರುವದಕ್ಕೆ ಅನುಕೂಲವಾದ ಬೇರೊಂದು ದಿನವನ್ನು ನೇಮಿಸಬಹುದೋ? ಮೊದಲನೆಯ ದಿನವು ಸತ್ಯವಾದದ್ದು. ಆದರೆ ಅದು ಕೊರೆಯುವ ಚಳಿಯಲ್ಲಿಯೋ ಕೆಲಸದ ವಾರದ ನಡುವೆಯೋ ಬಿದ್ದು, ಬಂದವರು ನಾಲ್ಕೇ ಮಂದಿಯಾಗಬಹುದು. ಎರಡನೆಯ ದಿನದಲ್ಲಿ ಜನರು ತುಂಬಿ ಬರುವರು. ಆದರೆ ಆ ದಿನಕ್ಕೂ ಸತ್ತವರಿಗೂ ಯಾವ ಸಂಬಂಧವೂ ಇರುವದಿಲ್ಲ. ಸಂತೆಯ ದಿನವನ್ನೂ ಕೊಯ್ಲಿನ ಕಾಲವನ್ನೂ ನೋಡಿಕೊಂಡು ಕೂಟಗಳನ್ನು ನೇಮಿಸುವ ಹಳ್ಳಿಯವರಾದ ನಮಗೆ ಈ ಪ್ರಶ್ನೆಯು ಹೊಸದಲ್ಲ. ಆದರೂ ಅದನ್ನು ನಮ್ಮ ನಮ್ಮ ಮನೆಗಳ ಸಂಗತಿಯಲ್ಲಿ ವಿಚಾರಿಸಹೋದರೆ ಒಬ್ಬೊಬ್ಬರ ದುಃಖವು ಅಡ್ಡಬಂದು, ನ್ಯಾಯವಾಗಿ ತೂಗಿ ನೋಡುವದು ಕಷ್ಟವಾಗುವದು. ಆದಕಾರಣ ನಾವು ದೂರದೇಶದವರ ಒಂದು ವಾಡಿಕೆಯನ್ನು ತೆಗೆದುಕೊಂಡು ವಿಚಾರಿಸೋಣ. ಅದು ಯಾವದಂದರೆ ಫುಟ್ಬಾಲ್ ಆಟದವರಲ್ಲಿರುವ ನೆನಪಿನ ಆಟವೆಂಬದು.

ಆಟಗಾರರು ಅಪಘಾತದಲ್ಲಿ ಸತ್ತರೆ, ಅವರ ಹೆಸರಿನಲ್ಲಿ ಒಂದು ವಿಶೇಷವಾದ ಆಟವನ್ನು ಏರ್ಪಡಿಸಿ, ನೋಡಬಂದವರು ಟಿಕೆಟಿಗಾಗಿ ಕೊಟ್ಟ ಹಣವನ್ನು ವಿಧವೆಯರಿಗೂ ಮಕ್ಕಳಿಗೂ ಗಾಯಪಟ್ಟು ಉಳಿದವರಿಗೂ ಕೊಡುವದುಂಟು. ಇಂಥ ಆಟದಲ್ಲಿ ಗೆದ್ದವರಿಗೆ ಪದಕವಿಲ್ಲ, ಸೋತವರಿಗೆ ನಷ್ಟವಿಲ್ಲ. ಆದರೆ ಜನರ ಸಂಖ್ಯೆಯು ಮಾತ್ರ ಇಲ್ಲಿ ಬರೀ ಅಲಂಕಾರದ ಮಾತಲ್ಲ. ಯಾಕಂದರೆ ಖಾಲಿಯಾಗಿ ಉಳಿದ ಒಂದೊಂದು ಆಸನವೂ ಒಬ್ಬ ವಿಧವೆಯ ಪಾಲಿನಿಂದ ಕಡಿಮೆಯಾದ ಹಣವಾಗಿದೆ. ಹೀಗಿರುವದರಿಂದ ದಿನವನ್ನು ಗೊತ್ತುಮಾಡುವವರು ಜನರ ಅನುಕೂಲವನ್ನು ನೋಡುವದು ತಪ್ಪೆಂದು ಅವಸರದಿಂದ ಹೇಳಬಾರದು.

ಇದಕ್ಕೆ ಮೊದಲನೆಯ ದೃಷ್ಟಾಂತವು ಇಟಲಿ ದೇಶದ ತೂರಿನ್ ಪಟ್ಟಣದ್ದು. 1949ನೇ ಇಸವಿ ಮೇ ತಿಂಗಳ 4ನೇ ತಾರೀಖಿನಲ್ಲಿ ತೊರೀನೊ ಎಂಬ ತಂಡದವರು ಲಿಸ್ಬನ್ ಪಟ್ಟಣದಲ್ಲಿ ಆಡಿ ವಿಮಾನದಲ್ಲಿ ಹಿಂತಿರುಗಿ ಬರುತ್ತಿದ್ದರು. ಮೋಡವೂ ಮಂಜೂ ಕವಿದು ದಾರಿ ಕಾಣದೆ, ವಿಮಾನವು ಊರ ಸಮೀಪದ ಸೂಪೆರ್ಗಾ ಗುಡ್ಡದ ಮೇಲಿರುವ ದೇವಾಲಯದ ಹಿಂದಣ ಗೋಡೆಗೆ ಬಡಿದು, ಅದರಲ್ಲಿದ್ದ 31 ಮಂದಿಯೂ ಸತ್ತುಹೋದರು. ಅವರಲ್ಲಿ 18 ಮಂದಿ ಆಟಗಾರರು. ಆ ಕಾಲದಲ್ಲಿ ಇಟಲಿಯಲ್ಲೆಲ್ಲಾ ಆ ತಂಡಕ್ಕೆ ಸಮಾನವಾದ ತಂಡವಿರಲಿಲ್ಲ. ಅವರ ಶವಸಂಸ್ಕಾರಕ್ಕೆ ಲಕ್ಷಗಟ್ಟಲೆ ಜನರು ಬೀದಿಗಳಲ್ಲಿ ನಿಂತರು. ಇದಾದ 22 ದಿವಸಗಳೊಳಗೆ, ಅಂದರೆ ಮೇ 26ರಲ್ಲಿ, ಅರ್ಜೆಂಟೀನಾ ದೇಶದ ರಿವರ್ ಪ್ಲೇಟ್ ತಂಡದವರು ಸಮುದ್ರ ದಾಟಿ ತೂರಿನಿಗೆ ಬಂದು ನೆನಪಿನ ಆಟವನ್ನಾಡಿದರು. ಅವರಿಗೆ ಎದುರಾಗಿ ಆಡುವದಕ್ಕೆ ತೊರೀನೊ ತಂಡದವರೇ ಇಲ್ಲದಿದ್ದದರಿಂದ ಬೇರೆ ಬೇರೆ ತಂಡಗಳ ಆಟಗಾರರು ಸತ್ತವರ ಅಂಗಿಯ ಬಣ್ಣವನ್ನು ಧರಿಸಿಕೊಂಡು ಆಡಿದರು. ಎರಡು ಕಡೆಯವರಿಗೂ ಎರಡೆರಡು ಗೋಲುಗಳಾಗಿ ಆಟವು ಸಮವಾಯಿತು. ಕೂಡಿದ ಹಣವು ಸತ್ತವರ ಮನೆಯವರಿಗೆ ಸಹಾಯವಾಗಿ ಉದ್ದೇಶಿಸಲ್ಪಟ್ಟಿತ್ತು.

ಆ ದಿನವು ಮರಣದ ದಿನವಲ್ಲ. ಅದು ಗುರುವಾರ, ಆ ವರ್ಷದ ಸ್ವರ್ಗಾರೋಹಣದ ಹಬ್ಬವು ಅದೇ ದಿನ ಬಿದ್ದಿತ್ತು, ಆ ಹಬ್ಬಕ್ಕೆ ಇಟಲಿಯಲ್ಲಿ ಆಗ ರಜೆಯಿತ್ತು. ಕೆಲಸದವರೂ ಬರಬಹುದಾದ ದಿನದಲ್ಲಿ ಆಟವು ನಡೆಯಿತೆಂದು ಯಾರಾದರೂ ಅದನ್ನು ದೂಷಿಸುವರೋ? ಇಲ್ಲ. ಯಾಕಂದರೆ ಅಲ್ಲಿ ಸಹಾಯವು ಕಣ್ಣೀರು ಆರುವದಕ್ಕೆ ಮುಂಚೆಯೇ ಬಂತು. ಮನೆಯಲ್ಲಿ ದುಡಿಯುವವನು ಹೋದ ಮೇಲೆ ಒಲೆ ಹಚ್ಚುವದು ಹೇಗೆಂದು ಚಿಂತಿಸುವವರಿಗೆ ಮುಂದಿನ ವರ್ಷದ ಮೇ 4ರ ವರೆಗೆ ಕಾಯಿರಿ ಎಂದು ಹೇಳುವದು ಸ್ಮರಣೆಯಲ್ಲ, ಕ್ರೂರತನವೇ.

ಎರಡನೆಯ ದೃಷ್ಟಾಂತವು ಇಂಗ್ಲೆಂಡ್ ದೇಶದ ಮ್ಯಾಂಚೆಸ್ಟರ್ ಪಟ್ಟಣದ್ದು. 1958ನೇ ಇಸವಿ ಫೆಬ್ರವರಿ 6ನೇ ತಾರೀಖು ಗುರುವಾರ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು ಬೆಲ್‌ಗ್ರೇಡಿನಲ್ಲಿ ಆಡಿ ಹಿಂತಿರುಗುವಾಗ ಅವರ ವಿಮಾನವು ಎಣ್ಣೆ ತುಂಬಿಸಿಕೊಳ್ಳುವದಕ್ಕೆ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿ ಇಳಿಯಿತು. ಎರಡು ಸಾರಿ ಏರುವದಕ್ಕೆ ಪ್ರಯತ್ನಿಸಿ ನಿಲ್ಲಿಸಿದರು. ಮೂರನೆಯ ಸಾರಿ, ಕರಗಿದ ಹಿಮದ ಕೆಸರು ಚಕ್ರಗಳನ್ನು ತಡೆದದರಿಂದ, ವಿಮಾನವು ನೆಲವನ್ನು ಬಿಡಲಾರದೆ ಬೇಲಿಯನ್ನು ಮುರಿದು ಒಂದು ಮನೆಗೆ ಬಡಿಯಿತು. ಆಗ ಮಧ್ಯಾಹ್ನ 3 ಗಂಟೆ 4 ನಿಮಿಷ. ಅದರಲ್ಲಿದ್ದ 44 ಮಂದಿಯಲ್ಲಿ 23 ಮಂದಿ ಸತ್ತರು. ಅವರಲ್ಲಿ 8 ಮಂದಿ ಆಟಗಾರರು.

ಆ ತಂಡವು ಆಡತಕ್ಕ ಮುಂದಿನ ಆಟವನ್ನು ನಾಲ್ಕು ದಿವಸ ಮುಂದಕ್ಕೆ ಹಾಕಿ ಫೆಬ್ರವರಿ 19ನೇ ತಾರೀಖು ಬುಧವಾರಕ್ಕೆ ಗೊತ್ತುಮಾಡಿದರು. ಅದು ಹೆಸರಿಗೆ ನೆನಪಿನ ಆಟವಲ್ಲ, ಪಂದ್ಯದ ಆಟವೇ. ಆದರೂ ಅದನ್ನು ನೋಡಿದವರಲ್ಲಿ ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲಾರರು. ಅಚ್ಚುಹಾಕಿಸಿದ ಕಾರ್ಯಕ್ರಮದಲ್ಲಿ ಮ್ಯಾಂಚೆಸ್ಟರಿನ 11 ಆಟಗಾರರ ಹೆಸರುಗಳಿರಬೇಕಾದ ಸ್ಥಳವನ್ನು ಬರಿದಾಗಿಯೇ ಬಿಟ್ಟಿದ್ದರು. ಯಾಕಂದರೆ ಯಾರು ಆಡುವರೆಂದು ಅಚ್ಚುಹಾಕುವ ವೇಳೆಗೆ ಯಾರಿಗೂ ಗೊತ್ತಿರಲಿಲ್ಲ. ವಿಮಾನದಲ್ಲಿದ್ದು ಬದುಕಿದ ಹ್ಯಾರಿ ಗ್ರೆಗ್, ಬಿಲ್ ಫೌಕ್ಸ್ ಎಂಬ ಇಬ್ಬರು 13 ದಿವಸಗಳ ಮೇಲೆ ಅಂಗಳಕ್ಕಿಳಿದರು. ವಾರದ ನಡುವೆ, ಚಳಿಗಾಲದ ರಾತ್ರಿ, ದೀಪಗಳ ಬೆಳಕಿನಲ್ಲಿ 59,848 ಮಂದಿ ಕೂಡಿದ್ದರು. ಆ ಹೊತ್ತಿನಲ್ಲಿ ಡಂಕನ್ ಎಡ್ವರ್ಡ್ಸ್ ಎಂಬ 21 ವರ್ಷದ ಆಟಗಾರನು ಮ್ಯೂನಿಕ್ಕಿನ ಆಸ್ಪತ್ರೆಯಲ್ಲಿ ಇನ್ನೂ ಜೀವದೊಡನೆ ಹೋರಾಡುತ್ತಿದ್ದನು. ಎರಡು ದಿವಸಗಳ ಮೇಲೆ ಅವನೂ ತೀರಿಕೊಂಡನು. ಅಷ್ಟು ಜನರನ್ನು ಕರೆತಂದದ್ದು ದಿನದ ಅನುಕೂಲವೂ ಅಲ್ಲ, ಹೊತ್ತಿನ ಅನುಕೂಲವೂ ಅಲ್ಲ. ಮನಸ್ಸು ತಾನೇ ಕರೆತಂದಾಗ ವಾರವನ್ನು ಯಾರೂ ಕೇಳುವದಿಲ್ಲ.

ಆದರೆ ಮನಸ್ಸಿನ ಈ ಬಿಸಿಯು ಯಾವಾಗಲೂ ಇರುವದಿಲ್ಲ. ವರ್ಷಗಳು ಕಳೆದವು. ಅಪಘಾತವಾದ ಕಾಲದಲ್ಲಿ ಸಾರ್ವಜನಿಕರಿಂದ ಒಂದು ನಿಧಿಯು ಕೂಡಿಸಲ್ಪಟ್ಟದ್ದು ನಿಜ. ಆದರೆ ಬದುಕಿ ಉಳಿದವರಿಗೂ ಸತ್ತವರ ಮನೆಯವರಿಗೂ ಸಹಾಯವಾಗಲೆಂದು ಮ್ಯಾಂಚೆಸ್ಟರಿನ ತಮ್ಮ ಅಂಗಳದಲ್ಲಿ ಆ ದೊಡ್ಡ ನೆನಪಿನ ಆಟವು ನಡೆದದ್ದು 1998ನೇ ಇಸವಿ ಆಗಸ್ಟ್ 18ರಲ್ಲಿ, ಅಂದರೆ 40 ವರ್ಷಗಳು ತುಂಬಿ ಆರು ತಿಂಗಳು ಕಳೆದ ಮೇಲೆ. ಫೆಬ್ರವರಿಯ ದಿನವನ್ನು ಬಿಟ್ಟು ಆಗಸ್ಟಿನ ದಿನವನ್ನು ನೇಮಿಸಿದರು. ಎದುರಾಳಿಯಾಗಿ ಬಂದದ್ದು ಎರಿಕ್ ಕಾಂಟೋನಾನು ಕೂಡಿಸಿದ ತಂಡ. ಈತನು ಮ್ಯಾಂಚೆಸ್ಟರಿನವರಿಗೆ ಬಹಳ ಪ್ರಿಯನಾಗಿದ್ದ ಫ್ರೆಂಚ್ ಆಟಗಾರನು. 1997ರ ಮೇ ತಿಂಗಳಲ್ಲಿ ಅಕಸ್ಮಾತ್ತಾಗಿ ಆಟವನ್ನು ಬಿಟ್ಟುಬಿಟ್ಟದರಿಂದ ಜನರಿಗೆ ಅವನನ್ನು ಬೀಳ್ಕೊಡುವ ಸಂದರ್ಭವೇ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಸುಮಾರು 55,000 ಮಂದಿ ಬಂದು ಅಂಗಳವನ್ನು ತುಂಬಿದರು. ಹಣವೂ ಕೂಡಿತು. ಆದರೆ ಸತ್ತವರ ನೆನಪಿನ ಆಟವು ಜೀವಂತನೊಬ್ಬನ ಬೀಳ್ಕೊಡುಗೆಯಾಗಿಬಿಟ್ಟಿತೆಂದು ಕೆಲವರು ದುಃಖದಿಂದ ಹೇಳಿದರು.

ಇಲ್ಲಿ ಒಬ್ಬನು ಎದ್ದು, ಜನರು ಯಾರನ್ನು ನೋಡಬಂದರೇನು? ಹಣವು ಹಣವೇ ಅಲ್ಲವೋ? ವಿಧವೆಯು ನಾಣ್ಯವನ್ನು ತಿರುವಿ ನೋಡಿ, ಇದನ್ನು ಕೊಟ್ಟವನು ಯಾವ ಮನಸ್ಸಿನಿಂದ ಕೊಟ್ಟನೆಂದು ಕೇಳುವಳೋ? ಎಂದು ಪ್ರಶ್ನಿಸಬಹುದು. ಈ ಮಾತಿನಲ್ಲಿ ಸತ್ಯವುಂಟು. ನಾವು ಅದನ್ನು ತಳ್ಳಿಹಾಕುವದಿಲ್ಲ. ಫೆಬ್ರವರಿಯ ಚಳಿಯಲ್ಲಿ ಹತ್ತು ಸಾವಿರ ಮಂದಿ ಶುದ್ಧ ಮನಸ್ಸಿನಿಂದ ಬಂದದ್ದಕ್ಕಿಂತ ಆಗಸ್ಟಿನಲ್ಲಿ ಐವತ್ತೈದು ಸಾವಿರ ಮಂದಿ ಬೆರಕೆಯ ಮನಸ್ಸಿನಿಂದ ಬಂದದ್ದು ಆ ಮನೆಗಳಿಗೆ ಹೆಚ್ಚು ಉಪಕಾರವಾಗಿರಬಹುದು. ಬಂದವರ ಹೃದಯಗಳನ್ನು ಶೋಧಿಸುವ ಅಧಿಕಾರವೂ ನಮಗಿಲ್ಲ. ಕಾಂಟೋನಾನನ್ನು ನೋಡಬಂದ ಹುಡುಗನೊಬ್ಬನು ಮ್ಯೂನಿಕ್ಕಿನ ಸಂಗತಿಯನ್ನು ಅದೇ ದಿನ ಮೊದಲು ಕೇಳಿ ಸಾಯುವ ವರೆಗೂ ಮರೆಯದೆ ಇರಬಹುದು.

ಹಾಗಾದರೆ ತಪ್ಪೆಲ್ಲಿ? ನಾವು ಇದನ್ನು ಬಹಳ ಸಾರಿ ಯೋಚಿಸಿದೆವು. ಸತ್ತವರ ವಿಷಯದಲ್ಲಿ ನಮ್ಮ ಮೇಲೆ ಎರಡು ಸಾಲಗಳುಂಟು. ಸತ್ತವರಿಗೆ ಸಲ್ಲತಕ್ಕದ್ದು ಸ್ಮರಣೆ. ಅವರನ್ನು ಕಳಕೊಂಡವರಿಗೆ ಸಲ್ಲತಕ್ಕದ್ದು ಸಹಾಯ. ಸ್ಮರಣೆಯು ದಿನವನ್ನು ಕೇಳುತ್ತದೆ, ಸಹಾಯವು ಜನವನ್ನು ಕೇಳುತ್ತದೆ. ಒಂದು ಸಾಲವನ್ನು ತೀರಿಸಿ ಎರಡನೆಯದೂ ತೀರಿತೆಂದು ಚೀಟಿಯನ್ನು ಹರಿಯುವದೇ ತಪ್ಪು. ಅಂಗಳ ತುಂಬಿತು, ಆದದರಿಂದ ನಾವು ಚೆನ್ನಾಗಿ ಸ್ಮರಿಸಿದೆವು ಎಂದು ಹೇಳುವವನು ಲೆಕ್ಕವನ್ನು ತಪ್ಪಿದನು. ಹಾಗೆಯೇ, ನಾವು ತಪ್ಪದೆ ಅದೇ ತಾರೀಖಿನಲ್ಲಿ ಕೂಡಿದೆವು, ಆದದರಿಂದ ನಮ್ಮ ಕರ್ತವ್ಯವು ಮುಗಿಯಿತು ಎಂದು ಹೇಳಿ ವಿಧವೆಯ ಮನೆಯನ್ನು ಮರೆತವನೂ ಲೆಕ್ಕವನ್ನು ತಪ್ಪಿದನು.

ಇದಕ್ಕಿಂತಲೂ ಭಾರವಾದ ಇನ್ನೊಂದು ಸಂಗತಿಯುಂಟು. ಮ್ಯೂನಿಕ್ಕಿನಲ್ಲಿ ಬದುಕಿದರೂ ಗಾಯಗಳ ದೆಸೆಯಿಂದ ಮತ್ತೆಂದೂ ಆಡಲಾರದೆ ಹೋದ ಇಬ್ಬರು ಆಟಗಾರರಿದ್ದರು. ಒಬ್ಬನು ಜಾನಿ ಬೆರಿ, ಮತ್ತೊಬ್ಬನು ಜಾಕಿ ಬ್ಲಾಂಚ್‌ಫ್ಲವರ್. ಆಟವೇ ಜೀವನವಾಗಿದ್ದ ಅವರು 1958ರಿಂದ ಬೇರೆ ಕೆಲಸಗಳನ್ನು ಹುಡುಕಿಕೊಳ್ಳಬೇಕಾಯಿತು. ಇಂಥವರಿಗೋಸ್ಕರವೇ ಅಲ್ಲವೋ 1998ರ ಆಟವು ಏರ್ಪಟ್ಟದ್ದು? ಆದರೆ ಬೆರಿಯು 1994ರಲ್ಲಿಯೇ ತೀರಿಕೊಂಡಿದ್ದನು. ಬ್ಲಾಂಚ್‌ಫ್ಲವರನು 1998ರ ಸೆಪ್ಟೆಂಬರ್ 2ರಲ್ಲಿ, ಅಂದರೆ ಆಟವು ನಡೆದು 15 ದಿವಸಗಳಾಗುವಷ್ಟರಲ್ಲಿ ತೀರಿಕೊಂಡನು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಯು ಇಲ್ಲಿ ನೆನಪಿಗೆ ಬಾರದೆ ಇರಲಾರದು.

ವಾಚಕರೇ, ಇದನ್ನು ಚೆನ್ನಾಗಿ ಗಮನಿಸಿರಿ. ಬಾಗಿಲಲ್ಲಿ ನಿಂತು ಟಿಕೆಟು ಹರಿಯುವವನು ಬಂದವರನ್ನು ಮಾತ್ರ ಎಣಿಸುವನು. 55,000 ಎಂದು ಅವನು ಬರೆದುಕೊಂಡನು. ಆದರೆ ಆ ದಿನದ ನಿಜವಾದ ಹಾಜರಿ ಪಟ್ಟಿಯಲ್ಲಿ ಒಬ್ಬನು ಇರಲಿಲ್ಲ. ಅವನು ಬಾರದೆ ಇದ್ದದ್ದು ಫೆಬ್ರವರಿಯನ್ನು ಆಗಸ್ಟಿಗೆ ತಳ್ಳಿದ್ದರಿಂದ ಅಲ್ಲ, 1958ನ್ನು 1998ಕ್ಕೆ ತಳ್ಳಿದ್ದರಿಂದ. ಚಳಿಯಲ್ಲಿ ಆಡಬೇಕೋ ಬೇಸಿಗೆಯಲ್ಲಿ ಆಡಬೇಕೋ ಎಂದು ವಾದಿಸುವವರಿಗೆ ಇದು ಕಾಣುವದಿಲ್ಲ. ಅನುಕೂಲವಲ್ಲದ ದಿನವು ಕೆಲವರನ್ನು ತಡೆಯುವದು. ‘ಎಂದಾದರೊಂದು ದಿನ’ ಎಂಬ ದಿನವೋ, ಯಾರಿಗೋಸ್ಕರ ಕೂಡಬೇಕೋ ಅವರನ್ನೇ ತಡೆಯುವದು. ಆದದರಿಂದ ನೆನಪಿನ ಆಟಕ್ಕೆ ಅತಿ ಕೆಟ್ಟ ದಿನವು ಮಳೆಯ ದಿನವಲ್ಲ, ಕೆಲಸದ ದಿನವಲ್ಲ. ಗೊತ್ತುಮಾಡದೆ ಬಿಟ್ಟ ದಿನವೇ.

ಹಾಗಾದರೆ ಸರಿಯಾದ ತಾರೀಖನ್ನು ಹಿಡಿದರೆ ಸಾಕೋ? ಅದೂ ಸಾಲದೆಂಬದಕ್ಕೆ 2008ನೇ ಇಸವಿಯು ಸಾಕ್ಷಿಯಾಗಿದೆ. ಆ ವರ್ಷದ ಫೆಬ್ರವರಿ 6ನೇ ತಾರೀಖು ಬುಧವಾರ, 50 ವರ್ಷಗಳು ತುಂಬಿದ ಆ ದಿನದಲ್ಲಿಯೇ ಲಂಡನಿನ ವೆಂಬ್ಲಿ ಅಂಗಳದಲ್ಲಿ ಇಂಗ್ಲೆಂಡಿಗೂ ಸ್ವಿಟ್ಜರ್‌ಲೆಂಡಿಗೂ ಆಟವಿತ್ತು. 80,000ಕ್ಕಿಂತ ಹೆಚ್ಚು ಜನರು ಕೂಡಿದ್ದರು. ಸತ್ತವರಿಗೋಸ್ಕರ ಒಂದು ನಿಮಿಷ ಮೌನವಾಗಿರಬೇಕೆಂದು ಹೇಳಿದಾಗ ಕೆಲವರು ಶಿಳ್ಳೆ ಹಾಕಿ ಕೂಗಿದ್ದರಿಂದ ಮೌನವನ್ನು ನಡುವೆಯೇ ಮುಗಿಸಬೇಕಾಯಿತು. ದಿನವು ಸರಿ, ಜನವೂ ಸಾಕಷ್ಟು. ಆದರೆ ಸ್ಮರಣೆಯು ಕೆಟ್ಟಿತು. ನಾಲ್ಕು ದಿವಸಗಳ ಮೇಲೆ, 10ನೇ ತಾರೀಖು ಆದಿತ್ಯವಾರ, ಮ್ಯಾಂಚೆಸ್ಟರಿನಲ್ಲಿ ಆ ಊರಿನ ಎರಡು ತಂಡಗಳೇ ಎದುರೆದುರಾಗಿ ಆಡಿದವು. ಯುನೈಟೆಡ್ ತಂಡದವರು 1958ರ ರೀತಿಯ ಸಾದಾ ಅಂಗಿಗಳನ್ನು ಧರಿಸಿದ್ದರು. ಬಹು ಕಾಲದ ಹಗೆಯುಳ್ಳ ಸಿಟಿ ತಂಡದ ಪಕ್ಷದವರು ಮೌನವನ್ನು ಮುರಿಯಬಹುದೆಂಬ ಭಯವಿತ್ತು. ಮೌನದ ಬದಲಿಗೆ ಚಪ್ಪಾಳೆ ತಟ್ಟಿಸೋಣವೆಂಬ ಆಲೋಚನೆಯೂ ಹುಟ್ಟಿತ್ತು. ಆದರೆ 75,000ಕ್ಕೂ ಹೆಚ್ಚು ಮಂದಿ ಒಂದು ನಿಮಿಷ ಒಬ್ಬನೇ ಮನುಷ್ಯನ ಹಾಗೆ ಸುಮ್ಮನೆ ನಿಂತರು. ಮ್ಯೂನಿಕ್ಕಿನಲ್ಲಿ ಸತ್ತವರಲ್ಲಿ ಸಿಟಿ ತಂಡದ ಗೋಲುಕಾವಲುಗಾರನಾಗಿದ್ದು ಅನಂತರ ಪತ್ರಿಕೆಗಳಿಗೆ ಬರೆಯುತ್ತಿದ್ದ ಫ್ರ್ಯಾಂಕ್ ಸ್ವಿಫ್ಟನೂ ಒಬ್ಬನಾಗಿದ್ದನು. ಆ ದಿನ ಸಿಟಿಯವರೇ 2-1ರಿಂದ ಗೆದ್ದರು; ಆದರೆ ಇಂದಿಗೂ ಜನರು ಸೋಲು ಗೆಲವುಗಳ ಜೊತೆಗೆ ಆ ಮೌನವನ್ನೂ ನೆನೆಯುತ್ತಾರೆ. ದಿನವು ತಾನಾಗಿ ಯಾವ ಸ್ಮರಣೆಯನ್ನೂ ಪವಿತ್ರ ಮಾಡಲಾರದು. ಬಂದವರು ಯಾಕೆ ಬಂದೆವೆಂದು ತಿಳಿದಿದ್ದರೆ ಮಾತ್ರ ಆ ಕೂಟವು ಸ್ಮರಣೆಯಾಗುವದು.

ಜನರ ಸಂಖ್ಯೆಯನ್ನು ಬೇಡವೆಂದು ಬಿಟ್ಟುಕೊಟ್ಟವರೂ ಇದ್ದಾರೆ. ಮೊದಲು ಹೇಳಿದ ತೂರಿನ್ ಪಟ್ಟಣದಲ್ಲಿ 2019ನೇ ಇಸವಿಯಲ್ಲಿ, ಸೂಪೆರ್ಗಾದ 70ನೇ ವರ್ಷದ ಮೇ 4ರಲ್ಲಿಯೇ ಯುವೆಂಟಸ್ ತಂಡಕ್ಕೂ ತೊರೀನೊ ತಂಡಕ್ಕೂ ಆಟವೆಂದು ಗೊತ್ತಾಗಿತ್ತು. ಅದು ಆ ಊರಿನಲ್ಲಿ ಬಹಳ ಜನರನ್ನು ಎಳೆಯುವ ಆಟ. ಆದರೂ ತೊರೀನೊದವರು, ಆ ದಿನ ನಮಗೆ ಬೇರೆ ಕೆಲಸವುಂಟು ಎಂಬ ಭಾವದಿಂದ ಅದನ್ನು ವಿರೋಧಿಸಿದರು. ಆಟವು ಒಂದು ದಿನ ಮುಂಚೆ, ಮೇ 3ರ ಶುಕ್ರವಾರ ರಾತ್ರಿಗೆ ಹಾಕಲ್ಪಟ್ಟಿತು. ಅವರ ಆ ಬೇರೆ ಕೆಲಸವೇನಂದರೆ, ಪ್ರತಿವರ್ಷ ಆ ತಾರೀಖಿನಲ್ಲಿ ಗುಡ್ಡವನ್ನೇರಿ, ವಿಮಾನವು ಬಡಿದ ಸ್ಥಳದಲ್ಲಿ ನಿಂತು, ತಂಡದ ನಾಯಕನು 31 ಮಂದಿಯ ಹೆಸರುಗಳನ್ನು ಒಂದೊಂದಾಗಿ ಓದುವದನ್ನು ಕೇಳುವದೇ. ಅಲ್ಲಿ ಟಿಕೆಟಿಲ್ಲ. ಹಾಗೆಯೇ ಮ್ಯಾಂಚೆಸ್ಟರಿನಲ್ಲಿಯೂ ಪ್ರತಿ ಫೆಬ್ರವರಿ 6ರಲ್ಲಿ, ವಾರವು ಯಾವದಾದರೂ, 3 ಗಂಟೆ 4 ನಿಮಿಷಕ್ಕೆ ಅಂಗಳದ ಹೊರಗೋಡೆಯ ಬಳಿಯಲ್ಲಿ ಜನರು ಸೇರುತ್ತಾರೆ. ಮ್ಯೂನಿಕ್ಕಿನಲ್ಲಿಯೂ ಅಪಘಾತದ ಸ್ಥಳದ ಹತ್ತಿರ ಕೆಲವರು ಸೇರುತ್ತಾರೆ. ಆಟವಿಲ್ಲದ, ಗೆಲವಿಲ್ಲದ ಆ ಚಿಕ್ಕ ಕೂಟಗಳು ಇಲ್ಲದಿದ್ದರೆ ದೊಡ್ಡ ಕೂಟಗಳಿಗೆ ಬೇರೇ ಇರುತ್ತಿರಲಿಲ್ಲ.

ದಿನವನ್ನೂ ಸಹಾಯವನ್ನೂ ಒಟ್ಟಿಗೆ ಕಾಪಾಡುವದು ಆಗದ ಕೆಲಸವೋ? ಆಗುವದೆಂಬದಕ್ಕೆ ದೃಷ್ಟಾಂತವು ನಮ್ಮ ದೇಶದಲ್ಲಿಯೇ ಉಂಟು. 1980ನೇ ಇಸವಿ ಆಗಸ್ಟ್ 16ರಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್ ಅಂಗಳದಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎಂಬ ತಂಡಗಳ ಆಟದಲ್ಲಿ ನೋಡುವವರೊಳಗೆ ಜಗಳವೆದ್ದು, ನೂಕುನುಗ್ಗಲಲ್ಲಿ 16 ಮಂದಿ ಸತ್ತರು. ಅವರು ಆಟಗಾರರಲ್ಲ, ಆಟವನ್ನು ಪ್ರೀತಿಸಿ ನೋಡಬಂದವರು. ಬಂಗಾಳದ ಫುಟ್ಬಾಲಿನವರು ಆ ತಾರೀಖನ್ನು ಫುಟ್ಬಾಲ್ ಪ್ರಿಯರ ದಿನವೆಂದು ಇಟ್ಟುಕೊಂಡು ಆ ದಿನ ರಕ್ತದಾನವನ್ನು ಮಾಡಿಸುತ್ತಾರೆ. ಇದು ಎಷ್ಟು ಯುಕ್ತವಾದದ್ದೆಂದು ನೋಡಿರಿ. ತಾರೀಖು ಬದಲಾಗಲಿಲ್ಲ, ಸಹಾಯವೂ ನಿಲ್ಲಲಿಲ್ಲ. ಬಂದವನು ಒಬ್ಬನೇ ಆದರೂ ಅವನು ಕೊಟ್ಟ ರಕ್ತವು ಒಬ್ಬ ರೋಗಿಗೆ ಉಪಯೋಗವಾಗುವದು. ಅಲ್ಲಿ ಜನರ ಸಂಖ್ಯೆಯು ಕಡಿಮೆಯಾದರೆ ಕೂಟವು ವ್ಯರ್ಥವಾಯಿತೆಂದು ಹೇಳುವಂತಿಲ್ಲ, ಹೆಚ್ಚಾದರೆ ಆಡಂಬರವಾಯಿತೆಂದೂ ಹೇಳುವಂತಿಲ್ಲ.

ಇಷ್ಟರಿಂದ ನಮಗೆ ಕಾಣುವದೇನಂದರೆ: ಸಹಾಯವನ್ನು ಮಾಡಬೇಕಾದರೆ ಬೇಗ ಮಾಡಬೇಕು, ಅದಕ್ಕೆ ವಾರ್ಷಿಕ ದಿನವನ್ನು ಕಾಯಬಾರದು, ಜನರು ಹೆಚ್ಚಾಗಿ ಬರುವ ದಿನವನ್ನೇ ಆರಿಸಿಕೊಳ್ಳಬೇಕು. ಸ್ಮರಣೆಯನ್ನಾದರೋ ಅದರ ದಿನದಲ್ಲಿಯೇ ಮಾಡಬೇಕು. ಬಂದವರು ಇಬ್ಬರು ಮೂವರಾದರೂ ನಾಚಿಕೆಪಡಬಾರದು. ಯಾವದೋ ಕಾರಣದಿಂದ ದಿನವನ್ನು ಬದಲಾಯಿಸಬೇಕಾದರೆ, ಮೊದಲು ದುಃಖಪಟ್ಟವರ ಮನೆಗೆ ಹೋಗಿ ಅವರನ್ನು ಕೇಳಬೇಕು. ಕೇಳಿದ ಮೇಲೆ, ಇದು ಅನುಕೂಲಕ್ಕಾಗಿ ಇಟ್ಟ ದಿನವೆಂದು ಮರೆಮಾಡದೆ ಹೇಳಬೇಕು. ಸತ್ತವರ ಹೆಸರನ್ನು ಬಾಗಿಲಲ್ಲಿ ಬರೆದು ಒಳಗೆ ಬೇರೊಬ್ಬನ ಹಬ್ಬವನ್ನು ಮಾಡುವದು ಬಂದವರಿಗೂ ಮೋಸ, ಸತ್ತವರಿಗೂ ಮೋಸ.

ನಮ್ಮಲ್ಲಿ ಅನೇಕರು ಆ ದೊಡ್ಡ ಅಂಗಳಗಳನ್ನು ಎಂದೂ ಕಾಣಲಿಕ್ಕಿಲ್ಲ. ಆದರೆ ನಮ್ಮ ಓಣಿಯಲ್ಲಿಯೂ ಒಂದು ಮನೆಯ ದೀಪವು ಈ ವರ್ಷ ಆರಿರಬಹುದು. ಅವರಿಗಾಗಿ ಏನಾದರೂ ಮಾಡಬೇಕೆಂದು ನಾವು ಮಾತಾಡಿಕೊಂಡಿರಬಹುದು. ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ, ಎಲ್ಲರೂ ಊರಿಗೆ ಬರಲಿ ಎಂದು ಮುಂದಕ್ಕೆ ಹಾಕಿರಬಹುದು. ಎಲ್ಲರೂ ಬರುವ ದಿನವು ಬರುವದಕ್ಕೆ ಮುಂಚೆ, ಯಾರಿಗೋಸ್ಕರ ಕೂಡಬೇಕೆಂದಿದ್ದೆವೋ ಅವರೇ ಹೊರಟುಹೋಗಬಹುದು. ಆದಕಾರಣ ಎಷ್ಟು ಮಂದಿ ಬರುವರೆಂದು ಎಣಿಸುವದಕ್ಕೆ ಮುಂಚೆ, ಇನ್ನು ಎಷ್ಟು ಕಾಲ ಯಾರು ಕಾಯಬಲ್ಲರು ಎಂದು ಎಣಿಸೋಣ. ಮತ್ತು ಈ ವಾರದಲ್ಲಿಯೇ, ಇಬ್ಬರಾದರೂ ಹೋಗಿ ಆ ಮನೆಯ ಬಾಗಿಲನ್ನು ತಟ್ಟೋಣ.